ಮೆಟ್ಟು ನೋಡಿ ಜನ ಎಣಿಸಿದವನು

ಮಿರ್‌ಕೋಮಿಲ್ ಅಕಾ ಮೂವತ್ತೊಂದು ವರ್ಷ ನಮ್ಮ ಊರಿನ ಜನರನ್ನು ಎಣಿಸಿದ. ಅಷ್ಟು ವರ್ಷಗಳಲ್ಲಿ ಎಣಿಸಲೆಂದು ಒಬ್ಬರ ಮನೆಯೊಳಗೂ ಕಾಲಿಡಲಿಲ್ಲ. ಬೀದಿಯಲ್ಲಿ ಎದುರಾದರೆ ಎಲ್ಲರೂ ಎದೆಯ ಮೇಲೆ ಕೈಯಿಟ್ಟು, ಅಕಾ, ಅಂದರೆ ಅಣ್ಣ, ಎಂದು ಅವನಿಗೆ ಸಲಾಂ ಹೇಳುತ್ತೇವೆ. ನಾನೂ ಹೇಳಿದ್ದೇನೆ, ಇವತ್ತು ಬೆಳಿಗ್ಗೆಯೂ ಹೇಳಿದೆ. ಬರೆಯಲು ಕೂತಾಗ ಮಾತ್ರ ಆ ಮರ್ಯಾದೆ ಕೈಗೆ ಬರುತ್ತಿಲ್ಲ.

ನಮ್ಮ ಊರು ಕೋಕ್‌ತೆರಾಕ್. ಫರ್ಗಾನಾ ಕಣಿವೆಯ ಈ ಕಡೆ ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯಬೇಕಾದರೆ ಅಂಗಡಿಯ ರೊಟ್ಟಿಯ ಮೇಲಿನ ಅಚ್ಚು ನೋಡಬೇಕು. ನಮ್ಮ ರೊಟ್ಟಿಯ ನಡುವೆ ಚುಕ್ಕಿಗಳ ಎರಡು ಸುತ್ತು, ಪಕ್ಕದ ತೋಲ್‌ಮಾಝೋರ್‌ನವರ ರೊಟ್ಟಿಗೆ ಒಂದೇ ಸುತ್ತು. ಎರಡು ಊರುಗಳ ನಡುವಿನ ಗಡಿ ಫಲಕ ಈಗ ಒಬ್ಬ ಕ್ಷೌರಿಕನ ಅಂಗಳದೊಳಗೆ ನಿಂತಿದೆ. ಅವನ ಹೆಂಡತಿ ಅದಕ್ಕೆ ಮೆಣಸಿನಕಾಯಿ ಸರಗಳನ್ನು ತೂಗುಹಾಕಿ ಒಣಗಿಸುತ್ತಾಳೆ. ಒಂದು ಕಾಲಕ್ಕೆ ಆ ಜಾಗದಲ್ಲಿ ಹತ್ತಿ ಹೊಲವಿತ್ತು ಎಂದು ನನ್ನ ಮಾವ ಹೇಳುತ್ತಾರೆ. ನಾನು ನೋಡಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಹೊಲ ಅಂಗಳಗಳಾಗಿ, ಅಂಗಳಗಳ ನಡುವೆ ಮಣ್ಣಿನ ಗೋಡೆ ಎದ್ದು, ಗೋಡೆಯ ಎರಡೂ ಕಡೆ ಮತ್ತೆ ಗೋಡೆ ಎದ್ದಿತ್ತು. ನಮ್ಮ ಹಿತ್ತಿಲ ಜರ್ದಾಳು ಮರಕ್ಕೆ ಮೂರು ಮನೆ ಯಜಮಾನರು. ಮೂರು ಗೋಡೆಗಳು ಅದರ ಬುಡದಲ್ಲಿ ಬಂದು ಸೇರುತ್ತವೆ. ಮಾವನ ತಂದೆ ತೀರಿಕೊಂಡಾಗ ಚಟ್ಟ ಓಣಿಯಲ್ಲಿ ತಿರುಗಲಿಲ್ಲ. ಗೋಡೆಯ ಮೇಲೆ ಎತ್ತಿ, ಪಕ್ಕದ ಮನೆಯ ಮಾಡಿನಿಂದ ದಾಟಿಸಿ ಒಯ್ದರು.

ಜಿಲ್ಲಾ ಕಚೇರಿಯ ಗೋಡೆಯ ಮೇಲೆ ಈ ಭಾಗದ ಊರುಗಳ ನಕಾಶೆ ಇದೆ. ಎಲ್ಲಿ ಜನ ದಟ್ಟವಾಗಿದ್ದಾರೋ ಅಲ್ಲಿ ಗಾಢ ಕೆಂಪು, ಎಲ್ಲಿ ತೆಳುವೋ ಅಲ್ಲಿ ನಸುಗುಲಾಬಿ. ಆಂದಿಜಾನ್ ಪಟ್ಟಣ ಹೆಪ್ಪುಗಟ್ಟಿದ ರಕ್ತದ ಹಾಗೆ ಕಾಣುತ್ತದೆ. ತೋಲ್‌ಮಾಝೋರ್ ದಾಳಿಂಬೆ ಕೆಂಪು. ಆ ಕೆಂಪುಗಳ ನಡುವೆ ಕೋಕ್‌ತೆರಾಕ್ ಮಾತ್ರ ಜ್ವರ ಬಿಟ್ಟ ಮಗುವಿನ ಕೆನ್ನೆಯ ಹಾಗೆ ನಸುಗುಲಾಬಿ. ನಕಾಶೆ ನೋಡಿದವರು ಅಂದುಕೊಳ್ಳಬೇಕು, ಅಲ್ಲಿ ಜನ ಕೈಕಾಲು ಚಾಚಿಕೊಂಡು ಮಲಗುತ್ತಾರೆ ಎಂದು. ಆ ಗುಲಾಬಿ ಮಿರ್‌ಕೋಮಿಲ್‌ನ ಮೂವತ್ತೊಂದು ವರ್ಷಗಳ ದುಡಿಮೆ.

ಅವನು ಹುಟ್ಟಿದ್ದು ಇದೇ ಊರಿನಲ್ಲಿ, ಹತ್ತಿ ತೂಗುವವನ ಮಗನಾಗಿ. ಭೂಮಾಪನದ ಶಾಲೆಯಲ್ಲಿ ಎರಡು ವರ್ಷ ಓದಿ ಬಂದ. ಬರುವಾಗ ಒಂದು ಚರ್ಮದ ಚೀಲ, ಒಂದು ಮರದ ಅಳತೆಪಟ್ಟಿ, ಜೊತೆಗೆ ‘ವೈಜ್ಞಾನಿಕ’ ಎಂಬ ಮಾತನ್ನು ತಂದ. ಮೂರೂ ಇನ್ನೂ ಅವನ ಬಳಿ ಇವೆ. ಸಾಮೂಹಿಕ ಬೇಸಾಯದ ಕಾಲದಲ್ಲಿ ಬೆಳೆ ಅಂದಾಜು ಮಾಡುವ ಕೆಲಸ ಸಿಕ್ಕಿತು. ಹೊಲದ ಬದುವಿನ ಮೇಲೆ ನಿಂತು ಒಂದು ಸಾಲಿನ ಗಿಡ ಎಣಿಸಿ, ಸಾಲುಗಳಿಂದ ಗುಣಿಸಿ ಬರೆಯುತ್ತಿದ್ದ. ಬೂಟಿಗೆ ಕೆಸರು ಹತ್ತಿದ ದಿನವಿಲ್ಲ. ಒಂದು ಸಾಲು ನೋಡಿದರೆ ಹೊಲ ನೋಡಿದ ಹಾಗೆ ಎನ್ನುತ್ತಿದ್ದನಂತೆ. ಉಳಿದ ಸಾಲುಗಳಲ್ಲಿ ಸೊಂಟ ಬಗ್ಗಿಸಿದ್ದ ಹೆಂಗಸರು ಈಗ ಮುದುಕಿಯರಾಗಿದ್ದಾರೆ. ಅವರಿಗೆ ಆ ಮಾತು ಇನ್ನೂ ನೆನಪಿದೆ. ಆ ಬೇಸಾಯ ಮುರಿದುಬಿದ್ದ ಮೇಲೆ ಮೊಹಲ್ಲಾದವರು ಅವನನ್ನು ಜನ ಎಣಿಸಲು ನೇಮಿಸಿದರು. ಅವನಿಗೆ ಹೆಚ್ಚೇನೂ ಬದಲಾಗಲಿಲ್ಲ. ಬದುವಿನ ಬದಲು ಗೇಟು ಬಂತು.

ಅವನ ಅಂಗಳ ಹನ್ನೆರಡು ಸೋತಿಖ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ನೆಲಕ್ಕೆ ನಾವು ಒಂದು ಸೋತಿಖ್ ಎನ್ನುತ್ತೇವೆ. ಅಂಥ ಹನ್ನೆರಡು, ಇರುವವರು ಇಬ್ಬರು. ಒಬ್ಬಳೇ ಮಗಳು ಆಂದಿಜಾನ್‌ಗೆ ಮದುವೆಯಾಗಿ ಹೋದಳು. ದ್ರಾಕ್ಷಿ ಚಪ್ಪರ, ಎರಡು ದಾಳಿಂಬೆ ಮರ, ಬೀಗ ಹಾಕಿದ ನಾಲ್ಕು ಕೋಣೆ. ಕೋಣೆಗಳಲ್ಲಿ ಯಾರೂ ಮಲಗದ ಹಾಸಿಗೆಗಳನ್ನು ಮಾಡಿನ ತನಕ ಪೇರಿಸಿದ್ದಾರೆ. ಸಂಜೆ ನಾಲ್ಕಕ್ಕೆ ಚಪ್ಪರದಡಿ ಹಸಿರು ಚಹಾ ಕುಡಿಯುತ್ತ, ಗೋಡೆಯಾಚೆ ಮಕ್ಕಳ ಗಲಾಟೆ ಕೇಳಿಸಿದಾಗ, “ಮನುಷ್ಯನಿಗೆ ಗಾಳಿ ಬೇಕು. ಇವರಿಗೆ ಅದು ಗೊತ್ತಿಲ್ಲ. ಹೆರೋದೊಂದು ಗೊತ್ತು” ಎನ್ನುತ್ತಾನೆ. ಗೋಡೆ ನಮ್ಮದೂ ಹೌದಾದ್ದರಿಂದ ನಮಗೆ ಕೇಳಿಸುತ್ತದೆ. ಅವನಿಗೆ ಐದು ಜೊತೆ ಮೆಟ್ಟುಗಳಿವೆ. ಹೆಂಡತಿ, ನಾವು ಅಕ್ಕ ಎಂಬ ಅರ್ಥದಲ್ಲಿ ಒಪಾ ಎನ್ನುವ ಮುಹಯ್ಯೋ ಒಪಾ, ದಿನಾ ಬೆಳಿಗ್ಗೆ ಐದನ್ನೂ ಒರೆಸಿ ಜಗಲಿಯಂಚಿನಲ್ಲಿ ಸಾಲಾಗಿ ಇಡುತ್ತಾರೆ. ಆಕೆ ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಮೆಟ್ಟಿನ ಮಾತು ಯಾಕೆ ಬಂತೆಂದರೆ, ಅವನು ಜನರನ್ನು ಎಣಿಸುತ್ತಿದ್ದದ್ದೇ ಹಾಗೆ.

ನಮ್ಮಲ್ಲಿ ಮಕ್ಕಳನ್ನು ಎಣಿಸಿ ಬಾಯಲ್ಲಿ ಸಂಖ್ಯೆ ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. ಎಷ್ಟು ಜನ ಎಂದರೆ ಮುದುಕಿಯರು “ದೇವರು ಕೊಟ್ಟಷ್ಟು” ಎಂದು ಚಹಾ ಬಗ್ಗಿಸುತ್ತಾರೆ. ಹೊರಗಿನ ಗಂಡಸು ಸೊಸೆಯರಿರುವ ಒಳಂಗಳಕ್ಕೆ ಹೋಗುವುದೂ ಇಲ್ಲ. ಇದೆರಡೂ ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ತೋಲ್‌ಮಾಝೋರ್‌ನ ಎಣಿಕೆಯವನಿಗೂ ಗೊತ್ತಿತ್ತು. ಅವನು ತನ್ನ ಹೆಂಡತಿಯನ್ನು ಜೊತೆಗೆ ಕರೆದೊಯ್ಯುತ್ತಿದ್ದ, ಅವಳು ಒಳಗೆ ಹೋಗಿ ಹೆಸರುಗಳನ್ನು ಬರೆದು ತರುತ್ತಿದ್ದಳು. ಹಾಗಾಗಿ ಅವರ ಊರು ದಾಳಿಂಬೆ ಕೆಂಪು. ಮಿರ್‌ಕೋಮಿಲ್ ಹೆಂಡತಿಯನ್ನು ಕರೆದೊಯ್ಯಲಿಲ್ಲ. ಗೇಟಿನಲ್ಲಿ ನಿಂತು ಕತ್ತು ಚಾಚಿದರೆ ಒಳಗಿನ ಜಗಲಿಯಂಚು ಕಾಣುತ್ತದೆ. ಅಲ್ಲಿ ಬಿಟ್ಟಿರುವ ಮೆಟ್ಟುಗಳ ಜೊತೆ ಎಣಿಸುತ್ತಿದ್ದ. ಜೊತೆಯೊಂದಕ್ಕೆ ಮನುಷ್ಯ ಒಂದು. ವೈಜ್ಞಾನಿಕ.

ಅವನು ಕಳ್ಳನಾಗಿದ್ದರೆ ಒಂದು ಮಾತು. ಕಳ್ಳ ಮನೆಯೊಳಗೆ ನುಗ್ಗುವ ಶ್ರಮವನ್ನಾದರೂ ಪಡುತ್ತಾನೆ.

ವರ್ಷಗಟ್ಟಲೆ ಇದರಿಂದ ಯಾರಿಗೂ ಏನೂ ಆಗಲಿಲ್ಲ, ಅಥವಾ ಆದದ್ದು ನಮಗೆ ತಿಳಿಯಲಿಲ್ಲ. ಶಾಲೆಗೆ ಮೂರನೇ ಕೊಠಡಿ ಬರಲಿಲ್ಲ, ಆಸ್ಪತ್ರೆಗೆ ಎರಡನೇ ನರ್ಸು ಬರಲಿಲ್ಲ. ನಸುಗುಲಾಬಿ ಊರಿಗೆ ಯಾಕೆ ಬರಬೇಕು? ನಾವು ಅದನ್ನೆಲ್ಲ ಮೇಲಿನವರ ಕಡೆಗಣನೆ ಎಂದುಕೊಂಡು, ಅವನು ಬಂದಾಗ ಗೇಟಿನಲ್ಲೇ ರೊಟ್ಟಿ ಮುರಿದು ಚಹಾ ಕೊಟ್ಟು ಕಳಿಸುತ್ತಿದ್ದೆವು.

ಆಮೇಲೆ ನಿವೇಶನಗಳ ಬೇಸಿಗೆ ಬಂತು. ಊರ ಮೇಲಿನ ಗುಡ್ಡಕ್ಕೆ ಪಂಪಿನಿಂದ ನೀರು ಹತ್ತಿಸಿ ಇಪ್ಪತ್ತು ನಿವೇಶನ ಮಾಡಿದ್ದಾರೆ, ಯಾವ ಅಂಗಳದಲ್ಲಿ ಸೋತಿಖ್‌ಗೆ ಹೆಚ್ಚು ಜನರಿದ್ದಾರೋ ಆ ಮನೆಯ ಒಂದು ಸಂಸಾರಕ್ಕೆ ಮೊದಲು ಕೊಡುತ್ತಾರೆ ಎಂದು ಸುದ್ದಿಯಾಯಿತು. ನಮ್ಮ ಪಕ್ಕದ ಮನೆ ಜೆಬಿಖಾನ್ ಬುವಿಯದು; ಬುವಿ ಎಂದರೆ ಅಜ್ಜಿ. ಮೂರು ಸೋತಿಖ್ ಅಂಗಳ. ಬುವಿ, ನಾಲ್ಕು ಗಂಡುಮಕ್ಕಳು, ನಾಲ್ಕು ಸೊಸೆಯರು, ಹದಿನಾಲ್ಕು ಮೊಮ್ಮಕ್ಕಳು. ನಾನು ಬರೆಯುತ್ತಿದ್ದೇನೆ, ಬಾಯಲ್ಲಿ ಹೇಳುತ್ತಿಲ್ಲ. ಬೇಸಿಗೆಯಲ್ಲಿ ಗಂಡಸರು ಮಾಡಿನ ಮೇಲೆ ಮಲಗುತ್ತಾರೆ. ಚಳಿಗಾಲದಲ್ಲಿ ಒಬ್ಬರು ಮಗ್ಗುಲು ಬದಲಿಸಿದರೆ ಸಾಲಿನ ಕೊನೆಯವರೆಗೆ ಎಲ್ಲರೂ ಬದಲಿಸಬೇಕು.

ಮೂರನೇ ಸೊಸೆ ರಾನೋ, ಅವಳ ಗಂಡ ಗಾರೆ ಕೆಲಸದ ತೋಹಿರ್, ನಾಲ್ಕು ಮಕ್ಕಳು ಇದ್ದದ್ದು ಹಿಂದೆ ಕರು ಕಟ್ಟುತ್ತಿದ್ದ ಕೋಣೆಯಲ್ಲಿ. ಗೋಡೆಯ ಕೆಳಗಿನ ಅರ್ಧ ಎಷ್ಟು ಸುಣ್ಣ ಬಳಿದರೂ ತೇವ. ಐದು ವರ್ಷದ ಹಿಂದಿನ ಚಳಿಗಾಲದಲ್ಲಿ ಆ ಅಂಗಳಕ್ಕೆ ದಡಾರ ಬಂತು. ಜ್ವರ ಬಂದ ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಎಂದು ನರ್ಸು ಹೇಳಿ ಹೋದಳು. ಬೇರೆ ಕೋಣೆ ಎಂಬುದು ಇರಲಿಲ್ಲ. ರಾನೋಳ ಅವಳಿಗಳು, ಎರಡು ವರ್ಷದ ಹಸನ್ ಮತ್ತು ಹುಸನ್, ಒಂದೇ ವಾರದಲ್ಲಿ ಹೋದರು. ಮೊದಲನೆಯ ಜನಾಜಾದಲ್ಲಿ ಮುಂದಿನ ಸಾಲಿನಲ್ಲಿ ನಿಂತವನು ಮಿರ್‌ಕೋಮಿಲ್, ಎರಡನೆಯದರಲ್ಲೂ ಅವನೇ.

ಈಗ ರಾನೋಳ ಕಿರಿಯ ಮಗಳಿಗೆ ಕೆಮ್ಮು ಹಿಡಿದಿತ್ತು. “ಚಳಿ ಬೀಳೋ ಮುಂಚೆ ನಾನು ಇಲ್ಲಿಂದ ಇವಳನ್ನ ಎತ್ಕೊಂಡು ಹೋಗ್ಬೇಕು,” ರಾನೋ ನನಗೆ ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯ ಚಿಕ್ಕ ಬಾಗಿಲಲ್ಲಿ ನಿಂತು ಹೇಳಿದಳು. “ಗುಡ್ಡದ ಮೇಲಾದ್ರೂ ಸರಿ. ಡೇರೆ ಹಾಕ್ಕೊಂಡಾದ್ರೂ ಸರಿ.”

ಚಹಾ ಅಂಗಡಿಯ ಗೋಡೆಗೆ ಪಟ್ಟಿ ಅಂಟಿಸಿದರು. ಇಪ್ಪತ್ತು ನಿವೇಶನ, ಜೆಬಿಖಾನ್ ಬುವಿಯ ಮನೆ ನಲವತ್ತನಾಲ್ಕನೆಯದು. ಹೆಸರಿನ ಮುಂದೆ ‘ಜನ: ಒಂಬತ್ತು’. ಪಟ್ಟಿಯ ತುದಿಯಲ್ಲಿ, ಎಲ್ಲರಿಗಿಂತ ಮೊದಲು, ಬಜಾರಿನಲ್ಲಿ ಮೆಟ್ಟು ಮಾರುವ ಇನೋಮ್‌ಜೋನ್. ಅವನ ಮನೆಯಲ್ಲಿ ಮೂವತ್ತೆಂಟು ಜನ.

ರಾನೋ ಮಿರ್‌ಕೋಮಿಲ್‌ನ ಗೇಟಿಗೆ ಹೋದಳು. ಒಬ್ಬಳೇ ಹೋಗಬಾರದೆಂದು ನಾನೂ ಹೋದೆ.

“ಯಾರು?” ಒಳಗಿನಿಂದಲೇ ಕೇಳಿದ.

“ನಾನು ಅಕಾ, ರಾನೋ. ಜೆಬಿಖಾನ್ ಬುವಿಯ ಮೂರನೇ ಕೆಲಿನ್.”

“ಮೂರನೇ ಸೊಸೆ ಬೇರೆ ಇದ್ದಾಳಾ ಅಲ್ಲಿ?” ಗೇಟನ್ನು ಒಂದು ಗೇಣು ತೆರೆದ. ತಲೆಯ ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಟೋಪಿ, ಕಿವಿಯ ಮೇಲೆ ಒಂದು ತುದಿ ಕೆಂಪು ಒಂದು ತುದಿ ನೀಲಿಯ ಪೆನ್ಸಿಲ್. “ಹೇಳು.”

“ನಮ್ಮನೇಲಿ ಒಂಬತ್ತು ಜನ ಅಂತ ಬರ್ದಿದೀರಿ.”

“ಬರ್ದಿದೀನಿ. ಒಂಬತ್ತು ಜೊತೆ ಇತ್ತು. ಕಣ್ಣಾರೆ ಕಂಡಿದ್ದು.”

“ನಾವು ನಾಲ್ಕು ಸೊಸೇರಿಗೆ ಎರಡೇ ಜೊತೆ ಅಕಾ. ತಂದೂರಿಗೆ ಹೋಗೋಳು ಒಂದು ಹಾಕ್ಕೋತಾಳೆ, ಕಾಲುವೆಗೆ ಹೋಗೋಳು ಇನ್ನೊಂದು. ಮಿಕ್ಕೋರು ಒಳಗಿರ್ತೀವಿ. ಮಕ್ಕಳು ಬೇಸಿಗೇಲಿ ಬರಿಗಾಲು.”

“ಅದು ನಿಮ್ಮನೆ ದರಿದ್ರ. ಅದನ್ನ ಬರೆಯೋ ಕಾಲಂ ನನ್ ಹತ್ರ ಇಲ್ಲ.”

“ಒಂದ್ಸಲ ಒಳಗೆ ಬಂದು ನೋಡಿ.”

“ಹೆಂಗಸರಿರೋ ಅಂಗಳಕ್ಕಾ?” ಅವನ ಹುಬ್ಬು ಟೋಪಿಗೆ ತಾಗಿತು. “ನನ್ನನ್ನ ಏನಂದ್ಕೊಂಡಿದೀಯಾ?”

“ನಾವೇ ಕರೀತಿದೀವಲ್ಲ, ಅಕಾ.”

“ಕರೆಯೋ ಹೆಂಗಸರ ಮನೆಗೆ ಹೋಗೋದು ಇನ್ನೂ ಕೆಟ್ಟದ್ದು.” ನನ್ನ ಕಡೆ ತಿರುಗಿದ. “ನೀನೂ ಅರ್ಜಿನಾ? ಇಲ್ವಲ್ಲ? ಹಾಗಾದ್ರೆ ಇವಳನ್ನ ಕರ್ಕೊಂಡು ಹೋಗು. ಇಪ್ಪತ್ತು ಜನ ಒಂದು ಗೂಡಲ್ಲಿ ತುಂಬ್ಕೊಂಡು ಆಮೇಲೆ ಸರ್ಕಾರ ಜಾಗ ಕೊಡ್ಲಿಲ್ಲ ಅಂತ ಅಳೋದು. ಗಾಳಿ ಇಲ್ಲದ ಕಡೆ ಬುದ್ಧಿನೂ ಬೆಳೆಯಲ್ಲ.”

“ಇಪ್ಪತ್ತು ಅಂತ ನಿಮಗೇ ಗೊತ್ತಲ್ಲ,” ರಾನೋ ಅಂದಳು.

“ಗೊತ್ತಿರೋದು ಬೇರೆ. ಎಣಿಸಿದ್ದು ಬೇರೆ.” ಗೇಟು ಮುಚ್ಚಿತು.

ಬೀದಿಯ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಮುಹಯ್ಯೋ ಒಪಾ. ಓಡಿ ಬಂದು ರಾನೋಳ ಕೈಗೆ ಬಿಸಿ ರೊಟ್ಟಿಯೊಂದನ್ನು ಇಟ್ಟು, “ಜಿಲ್ಲಾ ಕಚೇರಿಗೆ ಹೋಗು. ತಕರಾರು ಕೊಡೋಕೆ ಒಂದು ವಾರ ಟೈಮಿದೆ. ಇದನ್ನ ನಿನಗೆ ಹೇಳಿದ್ದು ನಾನಲ್ಲ, ಗಾಳಿ,” ಎಂದು ತಿರುಗಿ ಹೋದರು. ಆಕೆ ನನ್ನೆದುರು ಆಡಿದ ಅತಿ ಉದ್ದದ ಮಾತು ಅದು.

ರಾನೋ ಹೋದಳು. ಕೆಮ್ಮುವ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಏಳು ಜನ ತುಂಬಿದ ವ್ಯಾನಿನಲ್ಲಿ ಎಂಟನೆಯವಳಾಗಿ. ಅರ್ಜಿಯಲ್ಲಿ ಎರಡೇ ವಾಕ್ಯ: ನಮ್ಮ ಮನೆಯ ಜನರನ್ನು ಎಣಿಸಿಲ್ಲ. ದಯವಿಟ್ಟು ಎಣಿಸಿ.

ಮುಂದಿನ ಗುರುವಾರ ಬೆಳಿಗ್ಗೆ ಜಿಲ್ಲಾ ಕಚೇರಿಯಿಂದ ಮಲೋಹತ್ ಎಂಬ ಹೆಂಗಸು ಬಂದಳು. ಮೂವತ್ತು ವರ್ಷವಿರಬಹುದು, ಸರಳ ಅಂಗಿ, ತಲೆಗೆ ಸಣ್ಣ ವಸ್ತ್ರ, ಕೈಯಲ್ಲಿ ಕಾಗದದ ಕಟ್ಟು. ನಿಯಮದ ಪ್ರಕಾರ ತಿದ್ದಿದ ಪ್ರತಿ ಹಾಳೆಗೂ ಊರಿನ ಎಣಿಕೆಯವನ ಸಹಿ ಬೇಕು. ಹೀಗಾಗಿ ಮಿರ್‌ಕೋಮಿಲ್ ಚರ್ಮದ ಚೀಲ ಹಿಡಿದು ಅವಳ ಜೊತೆ ನಡೆದ. ಹಿಂದೆ ಬೀದಿಯೆಲ್ಲ ನಡೆಯಿತು.

ಪಟ್ಟಿಯ ಮೊದಲನೆಯದರಿಂದ ಶುರು ಮಾಡೋಣ ಎಂದಳು ಮಲೋಹತ್. ಇನೋಮ್‌ಜೋನ್‌ನ ಮನೆಯೊಳಗೆ ಹೋಗಿ ಐದು ನಿಮಿಷಕ್ಕೆ ಹೊರಬಂದಳು.

“ಅಕಾ, ಒಳಗೆ ಐದು ಜನ ಇದ್ದಾರೆ. ಮಿಕ್ಕ ಮೂವತ್ತಮೂರು ಜನ ಎಲ್ಲಿ?”

“ಊರಿಗೆ ಹೋಗಿರಬಹುದು. ನಾನು ಬಂದ ದಿನ ಇದ್ರು. ಜಗಲಿ ತುಂಬ ಮೆಟ್ಟು. ಕಣ್ಣಾರೆ ಕಂಡಿದ್ದು.”

ಇನೋಮ್‌ಜೋನ್ ತಲೆ ಕೆರೆದುಕೊಂಡ. ಜೂನ್‌ನಲ್ಲಿ ಕಾಲುವೆ ಉಕ್ಕಿ ಅಂಗಡಿಗೆ ನೀರು ನುಗ್ಗಿತ್ತು. ನೆನೆದ ಮಾಲನ್ನು ಅವನು ಮನೆಯ ಜಗಲಿಯ ಮೇಲೆ ಒಣಹಾಕಿದ್ದ. ಪಟ್ಟಿಯಲ್ಲಿ ಮೊದಲ ಹೆಸರು ತನ್ನದೆಂದು ನೋಡಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದವನು ಈಗ ಸಿಕ್ಕಿಬಿದ್ದಿದ್ದ, ಆದರೆ ವ್ಯಾಪಾರಿಯಾದ್ದರಿಂದ ಮಾತಿಗೆ ಬರವಿರಲಿಲ್ಲ.

“ಮಾರಾಟ ಆಗೋದ್ರು ತಂಗೀ,” ಅಂದ. “ಇಪ್ಪತ್ತು ಜನ ಭಾನುವಾರದ ಬಜಾರಲ್ಲೇ ಹೋದ್ರು. ಒಳ್ಳೇ ಜನ. ಒಬ್ರೂ ಕಚ್ಚಲಿಲ್ಲ.”

ಬೀದಿ ನಕ್ಕಿತು. ಹೆಂಗಸರು ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ನಕ್ಕರು. ಯಾರೋ ಹಿಂದಿನಿಂದ, “ಮಿರ್‌ಕೋಮಿಲ್ ಅಕಾ, ಎಡಗಾಲಿನವರನ್ನ ಗಂಡಸರ ಕಡೆ ಬರ್ಕೊಂಡ್ರಾ, ಹೆಂಗಸರ ಕಡೆನಾ?” ಎಂದರು. ಅವನ ಕಿವಿ ಬಿಸಿಲಿಗೆ ಹಿಡಿದ ಹಾಗೆ ಕೆಂಪಾಯಿತು. ಹಾಳೆಗೆ ಸಹಿ ಹಾಕುವಾಗ ಪೆನ್ಸಿಲಿನ ಮೊನೆ ಮುರಿಯಿತು. ಆಗಿನಿಂದ ಅವನಿಗೆ ಬೇಕಾಗಿದ್ದದ್ದು ಒಂದೇ: ಇನ್ನೊಬ್ಬರ ಸುಳ್ಳು. ಚಿಕ್ಕದಾದರೂ ಸಾಕು, ಎಲ್ಲರೆದುರು ಹಿಡಿದು ತೋರಿಸಬೇಕು. ಜೆಬಿಖಾನ್ ಬುವಿಯ ಗೇಟಿನವರೆಗೆ ಅವನು ಎಲ್ಲರಿಗಿಂತ ಮುಂದೆ ನಡೆದ.

ಮಲೋಹತ್ ಒಳಗೆ ಹೋದಳು. ಮೊದಲ ಸಲ ಮೂವತ್ತೊಂದು ಎಣಿಸಿದಳು, ಎರಡನೇ ಸಲ ಹತ್ತೊಂಬತ್ತು. ಮೂವತ್ತೊಂದರಲ್ಲಿ ನನ್ನ ಇಬ್ಬರು ಮಕ್ಕಳಿದ್ದರು. ಗೋಡೆಯ ಚಿಕ್ಕ ಬಾಗಿಲಿನಿಂದ ಮಕ್ಕಳು ಆ ಅಂಗಳಕ್ಕೂ ಈ ಅಂಗಳಕ್ಕೂ ಇಡೀ ದಿನ ಹರಿಯುತ್ತಿರುತ್ತಾರೆ. ಯಾರು ಯಾರ ಮನೆಯಲ್ಲಿ ಉಂಡರೆಂದು ನಮಗೇ ರಾತ್ರಿ ಹಾಸಿಗೆ ಹಾಸುವಾಗ ತಿಳಿಯುವುದು.

“ನೋಡಿದ್ರಾ?” ಮಿರ್‌ಕೋಮಿಲ್ ಗೇಟಿನಿಂದ ಕೂಗಿದ. “ಇದು ಮನೆಯಲ್ಲ, ಬಿಲ. ಎಷ್ಟು ಬೇಕಾದ್ರೂ ತೋರಿಸ್ತಾರೆ. ಯಜಮಾನಿ ಬಾಯಿಬಿಟ್ಟು ಹೇಳ್ಬೇಕು. ಹೇಳದಿದ್ರೆ ಒಂಬತ್ತು. ನಿಯಮ ಇದೆ.”

ನಿಯಮ ನಿಜವಾಗಿಯೂ ಇತ್ತು. ಮಲೋಹತ್ ಕಾಗದ ತಿರುವಿ ನೋಡಿ ತುಟಿ ಕಚ್ಚಿದಳು. ಗೇಟಿನೊಳಗೆ ಮರದ ಮಂಚದ ಮೇಲೆ ಕೂತಿದ್ದ ಜೆಬಿಖಾನ್ ಬುವಿಯ ಮುಂದೆ ಹೋಗಿ ಮಂಡಿಯೂರಿದಳು.

“ಬುವಿ, ನಿಮ್ಮನೇಲಿ ಎಷ್ಟು ಜನ?”

“ದೇವರು ಕೊಟ್ಟಷ್ಟು, ಮಗಳೇ.”

“ಒಂದೇ ಒಂದು ಸಲ ಹೇಳಿ. ಬರೆದ ಮೇಲೆ ಮರೆತುಬಿಡೋಣ.”

“ಒಂದು ಚಳಿಗಾಲದಲ್ಲಿ ಯಾರೋ ನೆಂಟರು ಬಂದು ಕೇಳಿದ್ರು, ನಾನು ಬಾಯಿ ತಪ್ಪಿ ಹೇಳಿಬಿಟ್ಟೆ.” ಬುವಿ ತನ್ನ ಕೈಗಳನ್ನು ನೋಡಿಕೊಂಡರು. “ಅದಾದ ತಿಂಗಳಿಗೆ ದಡಾರ ಬಂತು. ಇನ್ನು ಹೇಳಲ್ಲ.”

ಗೇಟಿನಲ್ಲಿ ಮಿರ್‌ಕೋಮಿಲ್ ಪೆನ್ಸಿಲ್ ಕೆತ್ತುತ್ತಿದ್ದ. ಸಣ್ಣ ಚಾಕುವಿನಿಂದ, ನೆಮ್ಮದಿಯಾಗಿ, ಸಿಪ್ಪೆಯನ್ನು ಅವರ ಹೊಸ್ತಿಲ ಮೇಲೆ ಬೀಳಿಸುತ್ತ.

ರಾನೋ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಅಳಲಿಲ್ಲ, ಬೇಡಲಿಲ್ಲ. ಕಿರಿಯವಳನ್ನು ಬುವಿಯ ಮಡಿಲಲ್ಲಿ ಇಟ್ಟಳು, ಅಷ್ಟೆ. ಮಗು ಕೆಮ್ಮಿತು. ಒಣ ಕಟ್ಟಿಗೆ ಮುರಿದಂಥ ಚಿಕ್ಕ ಸದ್ದು. ಬುವಿ ಅದರ ಬೆನ್ನಿನ ಮೇಲೆ ಅಂಗೈ ಇಟ್ಟರು. ಆಮೇಲೆ ಮಲೋಹತ್ ಕಡೆ ತಿರುಗಿ ಕೇಳಿದರು:

“ಎಣಿಸದೆ, ಬರೀ ಕರೆದ್ರೆ ಆಗುತ್ತಾ?”

“ಆಗುತ್ತೆ ಬುವಿ. ನೀವು ಕರೀರಿ, ನಾನು ಬರ್ಕೋತೀನಿ.”

ಜೆಬಿಖಾನ್ ಬುವಿ ಕರೆಯತೊಡಗಿದರು. ಮೊದಲು ತನ್ನ ಹೆಸರು, ಆಮೇಲೆ ಗಂಡುಮಕ್ಕಳು, ಸೊಸೆಯರು, ಅವರವರ ಮಕ್ಕಳು, ಹುಟ್ಟಿದ ಕ್ರಮದಲ್ಲಿ. ಕರೆದವರು ಕರೆದ ಹಾಗೆ ಅಂಗಳದಿಂದ, ಮಾಡಿನಿಂದ, ತಂದೂರಿನ ಹಿಂದಿನಿಂದ, ನಮ್ಮ ಮನೆಯ ಚಿಕ್ಕ ಬಾಗಿಲಿನಿಂದ ಬಂದು ಗೇಟಿನ ಹೊರಗೆ ಬಿಸಿಲಲ್ಲಿ ನಿಂತರು. ಸೊಸೆಯರು ಮುಖಕ್ಕೆ ವಸ್ತ್ರ ಎಳೆದುಕೊಂಡು ನಿಂತರು. ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಬಿಸಿ ಧೂಳಿನಲ್ಲಿ ಮಕ್ಕಳು ಒಂದು ಕಾಲನ್ನು ಇನ್ನೊಂದರ ಮೇಲಿಟ್ಟು, ಮತ್ತೆ ಬದಲಿಸಿ ನಿಂತಿದ್ದವು. ಅಷ್ಟು ಜನ ಆ ಅಂಗಳದಿಂದ ಹೊರಬಂದದ್ದನ್ನು ದಿನಾ ನೋಡುವ ನಾನೂ ನೋಡಿರಲಿಲ್ಲ.

ಬುವಿ ಮೂರನೇ ಮಗನ ಮಕ್ಕಳಿಗೆ ಬಂದರು. ಹಿರಿಯ ಹುಡುಗಿಯನ್ನು ಕರೆದರು, ಅವಳು ಬಂದಳು. “ಹಸನ್,” ಎಂದರು. “ಹುಸನ್.”

ಯಾರೂ ಬರಲಿಲ್ಲ. ಬುವಿ ಆ ಇಬ್ಬರೂ ಬರುವಷ್ಟು ಹೊತ್ತು ಬಿಟ್ಟು, ಮುಂದಿನ ಹೆಸರು ಕರೆದರು. ಮಲೋಹತ್‌ಗೆ ಏನು ಗೊತ್ತು, ಬರೆದುಕೊಂಡಿದ್ದಳು. ಮಡಿಲಲ್ಲಿದ್ದ ಮಗುವಿನ ಹೆಸರಿನಾಚೆಗೆ ನಾಲ್ಕನೆಯ ಮಗನ ಮಕ್ಕಳೂ ಆಗಿ, ಕರೆ ಮುಗಿಯಿತು. ರಾನೋ ನೆಲ ನೋಡುತ್ತಿದ್ದಳು.

“ತಡೀರಿ!” ಮಿರ್‌ಕೋಮಿಲ್ ಅಂದ. ಅವನ ಮುಖ ಹಬ್ಬದ ಬೆಳಗಿನಂತಾಗಿತ್ತು. “ಹೆಸರು ಇಪ್ಪತ್ತೈದು. ತಲೆ ಇಪ್ಪತ್ತಮೂರು. ಒಳಗಿನ ಮುದುಕಿ, ಮಗು ಎಲ್ಲ ಸೇರಿ ಇಪ್ಪತ್ತಮೂರು! ನಾನು ಇಲ್ಲಿಂದಲೇ ಎಣಿಸಿದೀನಿ. ಹಸನ್ ಎಲ್ಲಿ? ಹುಸನ್ ಎಲ್ಲಿ? ತೋರಿಸ್ಲಿ ನೋಡೋಣ.”

ಎಲ್ಲರೂ ಅವನಿಂದ ಮುಖ ತಿರುಗಿಸಿದರು. ಇನೋಮ್‌ಜೋನ್ ಕೂಡ.

“ಇಲ್ಲೇ ಇದಾರೆ,” ಅಂದರು ಬುವಿ.

“ಸತ್ತವರಿಗೆ ಸರ್ಕಾರ ಜಾಗ ಕೊಡಲ್ಲ ಬುವಿ. ಆಗ್ಲೇ ಕೊಟ್ಟಾಗಿದೆ, ಗೋರಿಯಲ್ಲಿ.”

ಅವನು ಮಲೋಹತ್ ಕೈಯಿಂದ ಹಾಳೆ ತೆಗೆದುಕೊಂಡ. ಚರ್ಮದ ಚೀಲವನ್ನು ಮೊಣಕಾಲ ಮೇಲಿಟ್ಟು, ಅದರ ಮೇಲೆ ಹಾಳೆಯಿಟ್ಟು, ಮರದ ಅಳತೆಪಟ್ಟಿ ತೆಗೆದು, ಎರಡು ಹೆಸರುಗಳ ಮೇಲೆ ಎರಡು ಕೆಂಪು ಗೆರೆ ಎಳೆದ. ಗೆರೆಗಳು ಬಹಳ ನೇರವಾಗಿದ್ದವು. ಹಾಗೆ ಎಳೆಯಲು ಅವನಿಗೆ ಆ ಶಾಲೆಯಲ್ಲಿ ಕಲಿಸಿದ್ದರು. ಗೆರೆ ಎಳೆದು ಮುಗಿಸಿ ಎಲ್ಲರಿಗೂ ಕಾಣುವಂತೆ ಹಾಳೆಯನ್ನು ಎತ್ತಿ ಹಿಡಿದ.

ಮಲೋಹತ್ ದನಿ ಏರಿಸಲಿಲ್ಲ.

“ಹಾಗಾದ್ರೆ ಈಗ ಎಷ್ಟಾಯ್ತು, ಅಕಾ?”

“ಇಪ್ಪತ್ತಮೂರು! ಅದರ ಮೇಲೆ ಒಂದೂ ಇಲ್ಲ. ನಾನು ಇರೋವರೆಗೆ ಒಂದು ಸುಳ್ಳು ಹೆಸರೂ ಒಳಗೆ ಬರಲ್ಲ.”

“ಕೆಳಗೆ ಬರೀರಿ. ಅಕ್ಷರದಲ್ಲೂ ಬರೀರಿ.”

ಬರೆದ.

“ಸಹಿ?”

ಹಾಕಿದ. ಅವನ ಸಹಿಗೆ ಒಂದು ಬಾಲವಿದೆ, ಎರಡು ಸುತ್ತು ಸುತ್ತಿ ಮೇಲಕ್ಕೆ ಹೋಗುತ್ತದೆ. ಅದನ್ನೂ ಪೂರ್ತಿ ಹಾಕಿದ. ಮಲೋಹತ್ ಹಾಳೆಯನ್ನು ತಕ್ಷಣ ತೆಗೆದುಕೊಂಡು ಕಟ್ಟಿನ ನಡುವೆ ಸೇರಿಸಿ ದಾರ ಬಿಗಿದಳು. ಒಂಬತ್ತು ಎಂದು ಬರೆದಿದ್ದ ಕೈಯೇ ಇಪ್ಪತ್ತಮೂರು ಎಂದು ಬರೆದುಕೊಟ್ಟಿತ್ತು. ಎರಡನ್ನು ಕಳೆಯುವ ಸಂತೋಷದಲ್ಲಿ ಅವನಿಗೆ ಅದು ಹೊಳೆಯಲೇ ಇಲ್ಲ. ಇವತ್ತಿಗೂ ಹೊಳೆದಿಲ್ಲ.

ತಿದ್ದಿದ ಪಟ್ಟಿಯಲ್ಲಿ ರಾನೋಳ ಸಂಸಾರ ಎರಡನೆಯದು. ಗುಡ್ಡದ ಮೇಲೆ ನಾಲ್ಕು ಸೋತಿಖ್ ಸಿಕ್ಕಿತು. ನೀರು ದಿನ ಬಿಟ್ಟು ದಿನ, ಗಾಳಿ ದಿನವಿಡೀ. ತೋಹಿರ್ ಮತ್ತು ಅವನ ಅಣ್ಣತಮ್ಮಂದಿರು ನವೆಂಬರಿನೊಳಗೆ ಹಸಿ ಇಟ್ಟಿಗೆಯ ಎರಡು ಕೋಣೆ ಎಬ್ಬಿಸಿದರು. ಎರಡರಲ್ಲೂ ಒಲೆ, ಒಂದರಲ್ಲಿ ಕಿಟಕಿ. ಮೊದಲ ಹಿಮ ಬಿದ್ದಾಗ ಕಿರಿಯವಳ ಕೆಮ್ಮು ಇತ್ತು. ಹಿಮ ಕರಗುವಾಗ ಇರಲಿಲ್ಲ.

ಮಿರ್‌ಕೋಮಿಲ್ ಆ ಗುರುವಾರದ ಕತೆಯನ್ನು ಚಹಾ ಅಂಗಡಿಯಲ್ಲಿ ಈಗಲೂ ಹೇಳುತ್ತಾನೆ. ಮೆಟ್ಟು ಮಾರುವವನ ಭಾಗ ಅದರಲ್ಲಿಲ್ಲ. “ಎರಡು ಸುಳ್ಳು ಹೆಸರು ಹಿಡಿದೆ. ಗೇಟಲ್ಲಿ ನಿಂತೇ ಹಿಡಿದೆ. ಆ ಹೆಂಗಸು ಒಳಗೆಲ್ಲ ಓಡಾಡಿ ಬಂದ್ಲು, ಏನು ಕಂಡ್ಲು?” ಎನ್ನುತ್ತಾನೆ. ಕೇಳುವವರು ಬಟ್ಟಲೊಳಗೆ ನೋಡುತ್ತಾರೆ. ಜಿಲ್ಲಾ ಕಚೇರಿಯ ನಕಾಶೆಯನ್ನು ಯಾರೂ ಮುಟ್ಟಲಿಲ್ಲ. ಒಂದು ಮನೆಯ ಹದಿನಾಲ್ಕು ಜನರಿಗಾಗಿ ಒಂದು ಊರಿನ ಬಣ್ಣ ಬದಲಾಗುವುದಿಲ್ಲವಂತೆ. ಇಡೀ ಊರನ್ನು ಮತ್ತೆ ಎಣಿಸಬೇಕೆಂದು ಮಲೋಹತ್ ಎರಡು ಸಲ ಬರೆದಳು. ಮೂರನೇ ಸಲ ಬರೆಯುವ ಮೊದಲು ಅವಳನ್ನು ಬೇರೆ ಕಡೆ ಹಾಕಿದರು. ಮಿರ್‌ಕೋಮಿಲ್‌ಗೆ ವಸಂತದ ಹಬ್ಬದಲ್ಲಿ ಹತ್ತಿ ತುಂಬಿದ ಪಟ್ಟೆ ನಿಲುವಂಗಿ ಹೊದಿಸಿ ಸನ್ಮಾನ ಮಾಡಿದರು. ನಾವೂ ಹೋಗಿದ್ದೆವು, ಚಪ್ಪಾಳೆ ತಟ್ಟಿದೆವು. ಇದನ್ನು ಬರೆಯದಿದ್ದರೆ ಮೋಸವಾಗುತ್ತದೆ.

ಅದೇ ಏಪ್ರಿಲ್‌ನಲ್ಲಿ ಗುಡ್ಡದ ಹೊಸ ಬೀದಿ ಅವನ ಎಣಿಕೆಗೆ ಸೇರಿತು. ಅವನು ಬಂದ ಬೆಳಿಗ್ಗೆ ನಾನು ರಾನೋಳ ಮನೆಯಲ್ಲಿದ್ದೆ, ಗೋಡೆಗೆ ಮಣ್ಣು ಮೆತ್ತಲು. ಅವಳ ಜಗಲಿಯಂಚಿನಲ್ಲಿ ಆರು ಜೊತೆ ರಬ್ಬರ್ ಮೆಟ್ಟುಗಳಿದ್ದವು. ಇಲ್ಲಿ ಕೆಸರು ಜಾಸ್ತಿ, ಒಬ್ಬೊಬ್ಬರಿಗೆ ಒಂದೊಂದು ಬೇಕೇ ಬೇಕು. ಆರರ ಪಕ್ಕದಲ್ಲಿ ಇನ್ನೆರಡು ಜೊತೆ, ಅಂಗೈಯಗಲದವು, ಒಂದೇ ಅಳತೆಯವು. ಗೃಹಪ್ರವೇಶದ ದಿನ ಜೆಬಿಖಾನ್ ಬುವಿ ಅವನ್ನು ಪೆಟ್ಟಿಗೆಯಿಂದ ತೆಗೆದು ತಂದು ಅಲ್ಲಿಟ್ಟಿದ್ದರು. ಯಾರೂ ಅವನ್ನು ಎತ್ತಿ ಒಳಗಿಟ್ಟಿರಲಿಲ್ಲ. ರಾನೋ ಜಗಲಿ ಗುಡಿಸುವಾಗ ಎತ್ತಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದಳು.

ಮಿರ್‌ಕೋಮಿಲ್ ಗೇಟಿನಲ್ಲಿ ನಿಂತ. ಗೇಟು ಇನ್ನೂ ಆಗಿರಲಿಲ್ಲ. ಎರಡು ಕಂಬಗಳ ನಡುವೆ ನಿಂತ.

“ಒಳಗೆ ಬನ್ನಿ ಅಕಾ,” ರಾನೋ ಮಣ್ಣಾದ ಕೈಗಳನ್ನು ದೂರ ಹಿಡಿದುಕೊಂಡು ಕರೆದಳು. “ಚಹಾ ಇದೆ.”

“ಬೇಡ, ಬೇಡ. ಇಲ್ಲಿಂದಲೇ ಕಾಣುತ್ತೆ.” ಕತ್ತು ಚಾಚಿದ. ತುಟಿಗಳು ಅಲ್ಲಾಡಿದವು. “ಎಂಟು.”

ನಾನು ಬಾಯಿ ತೆರೆದೆ. ರಾನೋ ನನ್ನ ಕಡೆ ನೋಡಿದಳು. ನಾನು ಮುಚ್ಚಿದೆ.

“ಎಂಟು ತಾನೆ?” ಅವನು ಕೇಳಿದ.

“ಕಣ್ಣಾರೆ ಕಂಡಿದೀರಲ್ಲ,” ಅಂದಳು ರಾನೋ. “ಬರ್ಕೊಳ್ಳಿ, ಅಕಾ.”

ಅವನು ಪೆನ್ಸಿಲಿನ ನೀಲಿ ತುದಿಯಿಂದ ಎಂಟು ಎಂದು ಬರೆದುಕೊಂಡು, ಬೂಟಿಗೆ ಕೆಸರು ತಾಗದ ಹಾಗೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಡುತ್ತ ಮುಂದಿನ ಮನೆಗೆ ಹೋದ.